ಅಲ್ಲಾಡುತ್ತಿದ್ದ ಸಾಕ್ಷಿ

ಹಲ್ಲಿನ ಡಾಕ್ಟರಾದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಮದುವೆಮನೆಯಲ್ಲಿ ಮಕ್ಕಳು ನಕ್ಕರೆ ಸಾಕು, ಮನಸ್ಸಿನಲ್ಲೇ ವಯಸ್ಸು ಲೆಕ್ಕ ಹಾಕುತ್ತೇನೆ. ಹಾಗಾಗಿ ಮುದ್ದೇಬಿಹಾಳದ ನನ್ನ ದವಾಖಾನೆಗೆ ನಾಲತವಾಡದ ಅಜ್ಜಿಯೊಬ್ಬಳು ಮೊಮ್ಮಗಳನ್ನು ಎಳೆದುಕೊಂಡು ಬಂದು, "ಡಾಕ್ಟರಬಾಯಾರ, ಈಕಿ ವಯಸ್ಸೆಷ್ಟ ಹೇಳ್ರಿ" ಎಂದಾಗ ನನಗೆ ಖುಷಿಯೇ ಆಯಿತು.

ತಾಳಿಕೋಟೆಯಲ್ಲಿ ಹದಿನಾಲ್ಕರೊಳಗಿನ ಹುಡುಗಿಯರ ಕಬಡ್ಡಿ ಪಂದ್ಯವಿತ್ತು. ಈ ಹುಡುಗಿಗೆ ಹದಿನೈದು, ಶಾಲೆಯ ದಾಖಲೆಯಲ್ಲೇ ಇದೆ ಎಂದು ಎದುರು ತಂಡದ ಮಾಸ್ತರರು ತಕರಾರು ತೆಗೆದಿದ್ದರು. ತಪ್ಪು ಅವಳ ತೋಳಿನದು. ಜನನದ ದಾಖಲೆ ಇಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವಾಗ ನಮ್ಮ ಕಡೆ ಹಳೇ ಪದ್ಧತಿಯೊಂದಿದೆ. ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದರೆ ಆರು ತುಂಬಿದಂತೆ. ಅಕ್ಕನ ಬೆನ್ನು ಹತ್ತಿ ಹೋಗಿದ್ದ ಆಗ ನಾಲ್ಕರ ಈ ಪೋರಿ, ಕೊಕ್ಕರೆಯಂಥ ತೋಳು ಚಾಚಿ ಕಿವಿ ಹಿಡಿದೇಬಿಟ್ಟಿದ್ದಳು!

ಬಾಯಿ ತೆರೆಸಿದೆ. "ಎತ್ತ ಕೊಳ್ಳಾವ್ರಂಗ ನೋಡಾಕತ್ತೀರಲ್ರಿ!" ಎಂದಳು ಅಜ್ಜಿ. ಕೆಳಗೆ ಹಿಂದುಗಡೆ, ಸಾಮಾನ್ಯವಾಗಿ ಹದಿಮೂರರೊಳಗೆ ಬಿದ್ದುಹೋಗುವ ಒಂದು ಹಾಲುಹಲ್ಲು ಇನ್ನೂ ಅಲ್ಲಾಡುತ್ತಾ ಕೂತಿತ್ತು. ಮಣಿಕಟ್ಟಿನ ಎಕ್ಸ್‌ರೇಯಲ್ಲೂ ಎಲುಬಿನ ತುದಿಗಳು ಕೂಡಿರಲಿಲ್ಲ. ಹಲ್ಲಾಗಲಿ ಎಲುಬಾಗಲಿ ಹುಟ್ಟಿದ ತಾರೀಖು ಹೇಳುವುದಿಲ್ಲ. ಹದಿಮೂರರ ಆಸುಪಾಸು ಎಂದು ಬರೆದುಕೊಟ್ಟೆ.

ಮಾಸ್ತರರು ಫೋನಿನಲ್ಲಿ, "ಕಾಗದ ಯಾರ ಬೇಕಾದ್ರೂ ಬರೀತಾರ್ರಿ. ಆ ಹಾಲಹಲ್ಲ ನಾ ಕಣ್ಣಾರೆ ನೋಡಬೇಕು" ಎಂದರು. ಅಂದರೆ ಪಂದ್ಯದ ದಿನದವರೆಗೆ ಆ ಹಲ್ಲು ಬೀಳಬಾರದು.

ಅಜ್ಜಿ ಕಾವಲಿಗೆ ನಿಂತಳು. "ಬಿದ್ದ ಹಲ್ಲ ಮಾಳಗಿ ಮ್ಯಾಲ ಒಗಿಯೂದು ಐತಾರ ಪಂದ್ಯ ಮುಗದ ಸಂಜಿಗೆ. ಅಲ್ಲೀತನಕ ಬಾಯಾಗ ಇರ್ಲಿ" ಎಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಕೊಟ್ಟಳಂತೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಈ ಹುಡುಗಿಗೆ ಎರಡೂ ಇದ್ದವು, ಜೊತೆಗೆ ಅಜ್ಜಿಯೂ ಇದ್ದಳು.

ಐತವಾರ ನಾನೂ ತಾಳಿಕೋಟೆಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ, ಮನಸ್ಸು ತಡೆಯಲಿಲ್ಲ ಅಷ್ಟೇ. ಮಾಸ್ತರರು ಕನ್ನಡಕ ಏರಿಸಿ ಹುಡುಗಿಯ ಬಾಯೊಳಗೆ ಇಣುಕಿದರು. ನೋಡಿದ್ದು ಸಾಲದೆ ಬೆರಳು ಹಾಕಿದರು. "ಕೈ ತೊಳಕೊಂಡು ಬರ್ರಿ ಸರ!" ಎಂದು ನಾನು ಗದರಿಸುವಷ್ಟರಲ್ಲಿ ಹಲ್ಲು ಕಿತ್ತು ಅವರ ಅಂಗೈಗೆ ಬಂತು.

ಇಷ್ಟು ದಿನ ಕಾಪಾಡಿದ್ದು ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು. ಹುಡುಗಿ ಮಾತ್ರ ಕೆಂಪಗೆ ಉಗುಳಿ, ಬಾಯಿ ಒರೆಸಿಕೊಂಡು, "ಸರ, ಈಗರ ಆಡ್ಲೇನ್ರಿ?" ಎಂದಳು.

ಮಾಸ್ತರರು ಅಂಗೈಯಲ್ಲಿದ್ದ ಬೇರಿಲ್ಲದ ಆ ಪುಟ್ಟ ಹಲ್ಲನ್ನೇ ನೋಡುತ್ತ ನಿಂತರು. ಹಾಗೆ ಬೇರು ಕರಗಿ ಬೀಳುವುದು ಹಾಲುಹಲ್ಲು ಮಾತ್ರ. ಆಮೇಲೆ ಪಕ್ಕದ ಮನೆಯ ಹತ್ತಿರ ಹೋಗಿ, ಸ್ವಂತ ಮಗಳದ್ದೇನೋ ಎಂಬಂತೆ ಅದನ್ನು ಮಾಳಿಗೆಯ ಮೇಲೆ ಎಸೆದು ಬಂದರು.

"ಹೋಗವ್ವ," ಎಂದರು, "ಆಡ ಹೋಗು."