ಬೀರಯ್ಯ ಹೊತ್ತ ಉರಿ

ಜರ್ಮನಿಯವರು ಲೋಕದ ಮೇಲೆ ಯುದ್ಧಕ್ಕೆ ನಿಂತ ಕಾಲ. ಹುಣಸೂರಿನಿಂದ ಸರಗೂರಿನವರೆಗೆ ಯಾವ ಗರಡಿಯ ಮಣ್ಣೂ ಹಾರನಹಳ್ಳಿಯ ಸಣ್ಣಬೀರಯ್ಯನ ಬೆನ್ನು ಕಂಡಿರಲಿಲ್ಲ. ಇಂಥ ಮಹಾಶೂರ, ಹಿತ್ತಲಿನಲ್ಲಿ ಹೆಂಡತಿ ಪುಟ್ಟಮಲ್ಲಮ್ಮ ನರಳುವುದು ಕೇಳಿದರೆ ಮಾತ್ರ ಕರು ಕಳೆದುಕೊಂಡ ಹಸುವಿನಂತೆ ಸುತ್ತುತ್ತಿದ್ದ.

ಅವಳಿಗೆ ಉರಿಮೂತ್ರ. ನಮ್ಮ ಕಡೆ ಅದಕ್ಕೆ ಮೊದಲ ಮದ್ದು, ಕಾಲಿನ ಹೆಬ್ಬೆರಳಿಗೆ ಸುಣ್ಣ. ಉರಿ ಇಳಿಯಲಿ ಬಿಡಲಿ, ಸುದ್ದಿಯಂತೂ ಊರಿಗೆಲ್ಲ ಮುಟ್ಟುತ್ತದೆ. ಬಾವಿಕಟ್ಟೆಯಲ್ಲಿ ಊರ ಸುದ್ದಿಗಾರ್ತಿ ಚೆಲುವಮ್ಮ ಆ ಬೆರಳು ನೋಡಿ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಮಲ್ಲಮ್ಮ ಕೊಡ ಬಿಟ್ಟು ಮನೆಗೆ ಓಡಿಬಂದು ಅತ್ತಳು.

ಮರುದಿನ ಬೀರಯ್ಯ ಹಬ್ಬಕ್ಕೆ ಗೋಡೆ ಬಳಿದಂತೆ ತನ್ನೆರಡು ಹೆಬ್ಬೆರಳಿಗೂ ಸುಣ್ಣ ಬಳಿದುಕೊಂಡು ಗರಡಿಗೆ ಹೋದ.

“ಏನಣ್ಣೋ, ಉರಿಯಾ?” ಎಂದ ಶಿಷ್ಯ ತಿಮ್ಮಯ್ಯ.

“ಊಂ ಕಣ್ಲಾ, ನಂಗೇಯ. ನಂಗೆ ಹಚ್ಚೋವಾಗ ನಮ್ಮೋಳ ಕಾಲ್ಗೂ ಒಸಿ ಬಿತ್ತು. ಚೆಲುವಮ್ಮಂಗೆ ಹೇಳ್ಬುಡು.”

“ಇನ್ಮೇಲೆ ಪೈಲ್ವಾನ್ರು ಕುಂತ್ಕಂಡೇ ಕುಸ್ತಿ ಆಡ್ಬೇಕು ಕಣಣ್ಣ.”

ಗರಡಿಯೆಲ್ಲ ನಕ್ಕಿತು. ಬೀರಯ್ಯನೂ ನಕ್ಕ.

ಗಂಡಸು ಡಾಕ್ಟರಿಗೆ ತೋರಿಸಲು ಪುಟ್ಟಮಲ್ಲಮ್ಮ ಒಪ್ಪಲಿಲ್ಲ. ಹಾಗಾಗಿ ಬೀರಯ್ಯ ಅವಳ ಮೂತ್ರದ ಸೀಸೆಯನ್ನು ತನ್ನದೆಂದು ಹೇಳಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ದ. ಡಾಕ್ಟರ್ ರುದ್ರಸ್ವಾಮಿ ಕೊಟ್ಟ ಔಷಧಿಯನ್ನು ಅವಳು ಕುಡಿದಳು. ಉರಿ ಹೋಗಲಿಲ್ಲ, ಮೇಲೆ ಜ್ವರವೂ ಬಂತು. ಡಾಕ್ಟರು ಇನ್ನೊಂದು ಸೀಸೆ ತರಿಸಿ ಮೈಸೂರಿಗೆ ಪರೀಕ್ಷೆಗೆ ಕಳಿಸಿದರು. ಉತ್ತರ ಕೇಳಲು ಗಂಡ ಹೆಂಡತಿ ಗಾಡಿಯಲ್ಲಿ ಹೋದರು. ಅವಳು ಬಾಗಿಲಾಚೆ ಕುಳಿತಳು.

“ಇದು ಮಾಮೂಲಿ ಕ್ರಿಮಿಯಲ್ಲ ಕಣಯ್ಯ, ಅಪರೂಪದ್ದು,” ಎಂದರು ಡಾಕ್ಟರು.

ಬೀರಯ್ಯ ಮೀಸೆ ತಿರುವಿದ. “ನಮ್ಮನೇಗೆ ಮಾಮೂಲಿದು ಬರಾಕಿಲ್ಲ ಬುಡಿ, ಬುದ್ದಿ.”

“ಇದು ಸೇರಿದರೆ ಮೂತ್ರದ ಚೀಲದಲ್ಲಿ ಕಲ್ಲು ಕಟ್ಟೋದುಂಟು. ಮಲಗು, ಸಲಾಕೆ ಹಾಕಿ ನೋಡಬೇಕು.”

ಡಾಕ್ಟರು ಉದ್ದನೆಯ ಲೋಹದ ಸಲಾಕೆ ಎತ್ತಿಕೊಂಡರು. ಅದು ಯಾವ ದಾರಿಯಲ್ಲಿ ಒಳಗೆ ಹೋಗಬೇಕೆಂದು ತಿಳಿದಾಗ ಮಹಾಶೂರನ ಮೀಸೆ ಇಳಿಯಿತು. ಆದರೂ ಕಚ್ಚೆ ಸಡಿಲಿಸಿ, ಕಣ್ಣು ಮುಚ್ಚಿ ಮೇಜಿನ ಮೇಲೆ ಮಲಗಿದ.

ಬಾಗಿಲು ತೆರೆಯಿತು. ಪುಟ್ಟಮಲ್ಲಮ್ಮ ಮುಖದ ತುಂಬ ಸೆರಗು ಎಳೆದುಕೊಂಡು ನಿಂತಿದ್ದಳು.

“ಅದ ಕೆಳಗ್ ಮಡಗಿ ಬುದ್ದಿ. ಉರಿ ಅವರ್ದಲ್ಲ, ನಂದು.”

ಡಾಕ್ಟರು ಸಲಾಕೆ ಇಟ್ಟರು. ಬೀರಯ್ಯನನ್ನು ಬಯ್ಯಲು ಬಾಯಿ ತೆರೆದವರು ಅವನ ಕಾಲಿನ ಸುಣ್ಣದ ಹೆಬ್ಬೆರಳುಗಳನ್ನು ನೋಡಿ ನರ್ಸಮ್ಮನನ್ನು ಕರೆದರು. ಪುಟ್ಟಮಲ್ಲಮ್ಮನನ್ನು ಅವಳಿಗೆ ಒಪ್ಪಿಸಿ, ಪೈಲ್ವಾನನನ್ನು ಆಚೆಗೆ ಕಳಿಸಿದರು.

ಬಹಳ ಹೊತ್ತಾದ ಮೇಲೆ ನರ್ಸಮ್ಮ ಬಾಗಿಲಿಗೆ ಬಂದು, “ಸಣ್ಣ ಕಲ್ಲಿದೆ. ತೆಗೆದರೆ ವಾಸಿಯಾಗುತ್ತೆ,” ಎಂದಳು. ಬೀರಯ್ಯ ಜಗಲಿಯ ಕಂಬ ತಬ್ಬಿಕೊಂಡು ಗೊಳೋ ಎಂದು ಅತ್ತ.

ಒಳಗಿನಿಂದ ಪುಟ್ಟಮಲ್ಲಮ್ಮನ ದನಿ ಕೇಳಿಸಿತು: “ಯಾರಾರಾ ಆ ಮನ್ಸಂಗೆ ಒಸಿ ನೀರು ಕೊಡ್ರಪ್ಪ.”