ಕಿಟಕಿ ಪಕ್ಕದ ಕುಶನ್

ನನ್ನ ಮಾವನನ್ನು, ಅಂದರೆ ಗಂಡನ ತಂದೆಯನ್ನು, ಬಿಲಿಯರ್ಡ್ಸ್‌ನಲ್ಲಿ ಒಂದೇ ಒಂದು ಸಲ ಸೋಲಿಸಬೇಕು ಅನ್ನುವುದು ಐದು ವರ್ಷ ನನ್ನ ತಲೆಗೆ ಹತ್ತಿದ್ದ ಹುಚ್ಚು. ಅವರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಅರಸೀಕೆರೆಯ ನಮ್ಮ ಮನೆಯ ಹತ್ತಿರದ ಹಳೇ ಕ್ಲಬ್ಬಿನಲ್ಲಿ ಒಂದು ಮೇಜಿದೆ. ಅದರ ಆರು ತೂತುಗಳ ಚೀಲಗಳು ಹರಿದುಹೋದಾಗ ಬಡಗಿಯೊಬ್ಬರು ಮರದ ತುಂಡು ಕೂರಿಸಿ ಎಲ್ಲವನ್ನೂ ಮುಚ್ಚಿಬಿಟ್ಟರಂತೆ. ಅಂದಿನಿಂದ ಅಲ್ಲಿ ಆಡುವುದು ತ್ರೀ-ಕುಶನ್. ಚೆಂಡು ಮೂರೇ. ನಮ್ಮ ಚೆಂಡು ಉಳಿದೆರಡನ್ನೂ ಮುಟ್ಟಬೇಕು. ಆದರೆ ಎರಡನೆಯದನ್ನು ಮುಟ್ಟುವ ಮೊದಲು ಅಂಚಿನ ರಬ್ಬರ್ ಪಟ್ಟಿಗೆ, ಅಂದರೆ ಕುಶನ್ನಿಗೆ, ಮೂರು ಸಲವಾದರೂ ಬಡಿದಿರಬೇಕು. ಕೇಳುವುದಕ್ಕೆ ಸುಲಭ. ಆಡಿ ನೋಡಿ, ಗೊತ್ತಾಗುತ್ತದೆ!

ಮೊದಲ ಪಾಯಿಂಟ್ ಬರಲು ನನಗೆ ಎರಡು ತಿಂಗಳು ಹಿಡಿಯಿತು. ಚೆಂಡು ಮೂರು ಬದಿ ಸುತ್ತಿ ಬಂದು ಕೆಂಪು ಚೆಂಡಿಗೆ ಟಕ್ಕೆಂದು ತಾಗಿದಾಗ ಕೋಲು ಬಿಸಾಕಿ ಕುಣಿದೆ. "ಕುಣಿದಿದ್ದು ಸಾಕು ಕಣಮ್ಮ, ಇನ್ನೂ ನಿಂದೇ ಸರದಿ" ಅಂದರು ಮಾವ. ಹಳೇಬೀಡಿನ ಬ್ಯಾಂಕಿಗೆ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಫ್ರೀ ಟಿಕೆಟ್ಟಿನ ಹಿಂದೆ ಚೆಂಡಿನ ದಾರಿ ಗೀಚುತ್ತಾ ಕೂರುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ಏನವ್ವ, ರಂಗೋಲಿನಾ?" ಅಂತ ಕೇಳಿದ್ದೂ ಉಂಟು.

ಇಷ್ಟಾದರೂ ಪ್ರತಿ ಭಾನುವಾರ ಸೋಲು. ಸೋತರೆ ನನಗೆ ಮೈಯೆಲ್ಲ ಉರಿ. ಅವತ್ತು ಒಗ್ಗರಣೆ ಸೀಯುವುದು ಗ್ಯಾರಂಟಿ.

ಒಮ್ಮೆ ಬೇಲೂರಿನ ಗೆಳತಿಯೊಬ್ಬಳು ಅಲ್ಲಿನ ಕಾಫಿ ತೋಟದವರ ಕ್ಲಬ್ಬಿಗೆ ಕರೆದುಕೊಂಡು ಹೋದಳು. ನಮ್ಮ ಆಟ ತೋರಿಸುತ್ತೇನೆ ಅಂತ ಜಂಬದಿಂದ ಕೋಲು ಹಿಡಿದೆ. ಒಂದು ಹೊಡೆತವಾದರೂ ನೆಟ್ಟಗೆ ಬೀಳಬೇಕಲ್ಲ! ಚೆಂಡು ಅಂದುಕೊಂಡಲ್ಲಿ ನಿಲ್ಲದೆ ಎಲ್ಲೆಲ್ಲಿಗೋ ಓಡಿತು. ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಮೇಜಿನ ಕಿಟಕಿ ಪಕ್ಕದ ಕುಶನ್ ಯಾವಾಗಲೋ ಹಾಳಾಗಿ, ಪಂಕ್ಚರ್ ಅಂಗಡಿಯವನೊಬ್ಬ ಲಾರಿ ಟ್ಯೂಬಿನ ತೇಪೆ ಹಾಕಿದ್ದ. ಅಲ್ಲಿಗೆ ಬಡಿದರೆ ಚೆಂಡು ಸುಸ್ತಾಗಿಬಿಡುತ್ತಿತ್ತು. ಮಾವನ ಒಳ್ಳೊಳ್ಳೆ ಹೊಡೆತಗಳೆಲ್ಲ ಹೋಗುತ್ತಿದ್ದದ್ದು ಆ ಬದಿಗೇ. ನಾನು ಐದು ವರ್ಷ ಬೆವರು ಸುರಿಸಿ ಕಲಿತದ್ದು ಒಂದು ತೇಪೆಯನ್ನು.

ಮರುದಿನವೇ ಕ್ಲಬ್ಬಿನ ಕಾರ್ಯದರ್ಶಿಯ ಬೆನ್ನು ಹತ್ತಿದೆ. ಹೊಸ ರಬ್ಬರ್ ಹಾಕಿಸುವವರೆಗೂ ಬಿಡಲಿಲ್ಲ.

"ಯಾಕಮ್ಮ ಸುಮ್ನೆ? ಚೆನ್ನಾಗೇ ಐತಲ್ಲ" ಅಂದರು ಮಾವ.

"ಚೆನ್ನಾಗಿರೋದು ನಿಮಗೆ ಮಾವ" ಅಂದುಬಿಟ್ಟೆ.

ಹೊಸ ಕುಶನ್ ಬಂದ ಮೊದಲ ಭಾನುವಾರ ಹತ್ತು ಪಾಯಿಂಟಿನ ಆಟ. ಮಾವ ಹಳೇ ಲೆಕ್ಕದಲ್ಲೇ ಹೊಡೆದರು. ಆ ಬದಿಗೆ ಬಡಿದಾಗೆಲ್ಲ ಚೆಂಡು ಗುರಿ ದಾಟಿ ಹೋಯಿತು. ನಾನೋ ಆ ವಾರ ದಿನಾ ಸಂಜೆ ಬಂದು ಹೊಸ ರಬ್ಬರಿಗೆ ಕೈ ಪಳಗಿಸಿಕೊಂಡಿದ್ದೆ. ನನಗೆ ಹತ್ತು, ಅವರಿಗೆ ಮೂರು. ಗೆದ್ದೆ! ಮಾವ ಕೋಲು ಒರೆಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. "ಏನೇ ಮಾಡ್ದೆ ಅಪ್ಪಂಗೆ?" ಅಂತ ಗಂಡ ಕೇಳಿದಾಗ ನಾನೂ ತಟ್ಟೆ ಸರಿಸಿ ಎದ್ದೆ. ಆಟದಲ್ಲಿ ಸೋಲಿಸಿದೆನೋ, ಅವರ ಆಟವನ್ನೇ ಕಿತ್ತುಕೊಂಡೆನೋ? ಥೂ, ಇದೂ ಒಂದು ಗೆಲುವೇ ಅಂತ ನಾಚಿಕೆಯಾಯಿತು.

ಮುಂದಿನ ಭಾನುವಾರ ಮಾವ ಕಾಫಿಗೂ ಕಾಯದೆ ಹೊರಟಿದ್ದರು. ಹುಡುಕಿಕೊಂಡು ಕ್ಲಬ್ಬಿಗೆ ಹೋದೆ. ಒಬ್ಬರೇ ಮೇಜಿನ ಮೇಲೆ ಬಗ್ಗಿ, ಕಿಟಕಿ ಪಕ್ಕದ ಕುಶನ್ನಿಗೆ ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆಯುತ್ತಿದ್ದರು. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಮಾವ, ಬೇಕಾದ್ರೆ ಹಳೇದನ್ನೇ ಹಾಕಿಸ್ತೀನಿ" ಅಂದೆ.

"ಮುಟ್ಟಿದ್ರೆ ನೋಡು!" ತಲೆ ಎತ್ತದೆಯೇ ಗದರಿದರು. "ಎಪ್ಪತ್ತಾಯ್ತು, ಇನ್ನು ಸಾಕು ಅಂದ್ಕೊಂಡಿದ್ದೆ. ಇದನ್ನ ಕಲಿಯಕ್ಕೆ ಇನ್ನೂ ಹತ್ತು ವರ್ಷ ಬೇಕು. ಬದುಕ್ಬೇಕಾಯ್ತಲ್ಲಮ್ಮ ನಿನ್ನಿಂದ!"

ಆ ಭಾನುವಾರ ಅವರು ಕೋಲನ್ನು ನನ್ನ ಕೈಗೆ ಕೊಡಲೇ ಇಲ್ಲ.