ತಂಬಿಗೆ ತಗೊಂಡು ಹೊರಗೆ ಬನ್ನಿ

ಪಾಠ ಹೇಳಲು ಹೋಗಿ ಊರಿಗೆ ಊರೇ ಬಿದ್ದು ಬಿದ್ದು ನಗುವಂತೆ ಮಾಡಿದ್ದೀರಾ? ನಾನು ಮಾಡಿದ್ದೇನೆ. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಎಂಬತ್ತರ ದಶಕ. ಮೈಸೂರು ಕಡೆಯ ನಾನು ಹುಮನಾಬಾದಿನಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ‘ಜನರಿಗೆ ಆರೋಗ್ಯದ ಮಾತು ಹೇಳುವ ಮೊದಲು ಜನರ ಮಾತು ಕೇಳಿ’ ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದವಳೂ ನಾನೇ, ಪಾಲಿಸದವಳೂ ನಾನೇ.

ಕೊಹಿನೂರು ಎಂಬ ಹಳ್ಳಿಯ ಹುಡುಗಿಯೊಬ್ಬಳು ಹಳ್ಳಿಯ ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಸಾಕು, ಮನೆಗೆ ಬಾ ಎಂದಿದ್ದರು ಅವಳಪ್ಪ. ಅದಕ್ಕೇ ಅವಳ ಭಾಷಣವನ್ನು ನಾನೇ ಬರೆದು ಬಾಯಿಪಾಠ ಮಾಡಿಸಿದೆ. ವಿಷಯ: ಮಕ್ಕಳಿಗೆ ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು.

“ಮೇಡಮ್ಮರ, ಭಾಷಣದಾಗ ಆ ತಂಬಿಗಿ ಮಾತು ಬ್ಯಾಡ್ರಿ,” ಎಂದು ನೆಲ ನೋಡಿದಳು.

“ಯಾಕೆ?”

“ಛಲೋ ಕಾಣಂಗಿಲ್ರಿ.”

“ಬರೆದದ್ದನ್ನು ಹೇಳು, ಸಾಕು.”

ಪರೀಕ್ಷೆಯ ದಿನ ರಾಜೇಶ್ವರ ಎಂಬ ಹಳ್ಳಿಯ ಒಂದು ಓಣಿ. ಹೆಂಗಸರು ಬಾಗಿಲಲ್ಲಿ ನಿಂತಿದ್ದಾರೆ, ಪರೀಕ್ಷಕಿ ಮುಖ ಗಂಟಿಕ್ಕಿ ಪೆನ್ನು ಹಿಡಿದಿದ್ದಾರೆ. ಹುಡುಗಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕೂಗಿದಳು: “ತಾಯಂದಿರೇ, ಎಲ್ಲರೂ ಒಂದೊಂದು ತಂಬಿಗೆ ನೀರು ತಗೊಂಡು ಹೊರಗೆ ಬನ್ನಿ!”

ಸೊರಗಿದ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಅಜ್ಜಿಯೊಬ್ಬಳು ಬಾಯಿಗೆ ಸೆರಗಿಟ್ಟಳು. “ಏ ಪೋರಿ, ನಾವು ನಸಿಕಿನ್ಯಾಗೇ ಹೋಗಿ ಬಂದೀವಿ! ಈಗ ನಿನಗ ತೋರಸಾಕ ಎಲ್ಲಾರೂ ಕೂಡಿ ಮತ್ತ ಹೋಗಬೇಕೇನು?”

ಪಕ್ಕದವಳು ಪರೀಕ್ಷಕಿಯತ್ತ ಕೈ ತೋರಿಸಿದಳು. “ಈ ದೊಡ್ಡ ಅಕ್ಕೋರೂ ಬರ್ತಾರೇನ? ಅವರಿಗೂ ಒಂದು ತಂಬಿಗಿ ಕೊಡ್ರಿ!”

ಆಗ ನನ್ನ ತಲೆಗೆ ಹೊಳೆಯಿತು. ಇಲ್ಲಿ ತಂಬಿಗೆ ಹಿಡಿದು ಹೊರಗೆ ಹೋಗುವುದೆಂದರೆ ಬಯಲುಕಡೆಗೆ ಹೋಗುವುದು! ಹೋಯಿತು, ಹುಡುಗಿಯ ಓದು ನನ್ನಿಂದಲೇ ಹೋಯಿತು ಎಂದುಕೊಂಡೆ.

ಹುಡುಗಿಗೂ ನಗು ತಡೆಯಲಾಗಲಿಲ್ಲ. ನನ್ನ ಭಾಷಣವನ್ನು ಅಲ್ಲೇ ಬಿಟ್ಟಳು. “ಆಯಿ, ನೀ ಒಂದ್ ಸಲ ಹೋಗಿ ಬಂದಿ. ನಿನ್ನ ಮೊಮ್ಮಗ ಮುಂಜಾನಿಂದ ಎಷ್ಟು ಸಲ ಹೋದ?”

“ಕೇಳಬ್ಯಾಡ ಯವ್ವಾ, ಜುಲಾಬ ನಿಂದ್ರವಲ್ದು.”

“ನೀರು ಕುಡಿಸಿದೇನು?”

“ಕುಡಿಸಿದ್ರ ಮತ್ತ ಹೋಗ್ತಾನಂತ ಬಂದ್ ಮಾಡೀನಿ.”

“ಹೋದಷ್ಟು ನೀರು ಒಳಗ ಬರಬೇಕಲ್ಲ ಆಯಿ! ತಂಬಿಗಿ ಬ್ಯಾಡ, ಗಿಲಾಸ ತಾ. ಇಬ್ಬರೂ ಕೂಡಿ ಮಾಡೂಣು.”

ಅಜ್ಜಿ ತಂದಳು. ಓಣಿಯೆಲ್ಲ ಸುತ್ತುವರಿಯಿತು. ಉಪ್ಪು ಇಷ್ಟು ಸಾಕಾ, ಸಕ್ಕರೆ ಇನ್ನಷ್ಟು ಬೇಕಾ ಎಂದು ಹೆಂಗಸರೇ ಕೇಳಿ ಕಲಸಿದರು. ಮೊಮ್ಮಗ ಗುಟುಕು ಗುಟುಕಾಗಿ ಕುಡಿದ. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಗುತ್ತಲೇ ಪಾಸ್ ಎಂದು ಬರೆದರು.

ವಾಪಸು ಬರುವ ಬಸ್ಸಿನಲ್ಲಿ ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು: “ಮೇಡಮ್ಮರ, ಛಲೋ ಕಾಣಂಗಿಲ್ಲ ಅಂದಿದ್ದು ಯಾಕಂತ ಈಗರ ಗೊತ್ತಾತೇನ್ರಿ?”

ಆ ಬ್ಯಾಚಿಗೆ ನಾನು ಇಂದಿಗೂ ತಂಬಿಗೆ ಮೇಡಂ.

ನಿಮ್ಮ ಯಾವ ಮಾತು ಯಾವ ಊರಲ್ಲಿ ಹೀಗೆ ಮಾನ ಕಳೆಯಿತು? ಕೆಳಗೆ ಬರೆಯಿರಿ. ನಾಚಿಕೆ ಬೇಡ, ಎಲ್ಲರ ಪಾಲಿನದೂ ನಾನೇ ಪಟ್ಟಾಗಿದೆ.